ಹತ್ತು ರೂಪಾಯಿಯ ತೂಕ

ದೊಡ್ಡ ಖರ್ಚು ಮನೆಯವರನ್ನೆಲ್ಲ ಕೇಳಿ ಒಳಗೆ ಬರುತ್ತದೆ. ಸಣ್ಣ ಖರ್ಚಿಗೆ ಯಾರ ಒಪ್ಪಿಗೆಯೂ ಬೇಡ.

ಫ್ರಿಜ್ಜು ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೇವೆ, ನೆಂಟರನ್ನು ವಿಚಾರಿಸುತ್ತೇವೆ, ದಸರೆಯ ರಿಯಾಯಿತಿಗೆ ಕಾಯುತ್ತೇವೆ. ಸಂಜೆಯ ಪಫ್ಸಿಗೆ, ಪಾನಿಪುರಿಗೆ, ತಂಪು ಪಾನೀಯಕ್ಕೆ ಈ ವಿಚಾರಣೆಯಿಲ್ಲ. ದಿನಕ್ಕೆ ಐವತ್ತು ರೂಪಾಯಿ ಎಂದರೆ ವರ್ಷಕ್ಕೆ 18,250. ಹೆಚ್ಚುಕಡಿಮೆ ಒಂದು ಫ್ರಿಜ್ಜಿನ ದುಡ್ಡು.

ಹತ್ತು ರೂಪಾಯಿ ಸಣ್ಣದು. ‘ದಿನಾಲೂ’ ಎಂಬುದು ಸಣ್ಣದಲ್ಲ.

ಸಂಬಳ ಬರುವುದು ತಿಂಗಳಿಗೊಮ್ಮೆ, ಫೀಸು ಕಟ್ಟುವುದು ವರ್ಷಕ್ಕೊಮ್ಮೆ, ಹಸಿವಾಗುವುದು ದಿನಕ್ಕೆ ಮೂರು ಸಲ. ಈ ಮೂರನ್ನೂ ಒಂದೇ ಪರ್ಸಿನಲ್ಲಿ ಹೊಂದಿಸುವವಳಿಗೆ ಲೆಕ್ಕ ಬರುವುದಿಲ್ಲ ಎನ್ನುವವರು ಆ ಪರ್ಸನ್ನು ಒಂದು ತಿಂಗಳು ಹಿಡಿದು ನೋಡಬೇಕು.

ಜೂನ್ ತಿಂಗಳ ಫೀಸಿಗೆ ದುಡ್ಡು ಸಾಲದಾದಾಗ ಮೇ ತಿಂಗಳ ಖರ್ಚನ್ನು ತಡಕಾಡುತ್ತೇವೆ. ದುಡ್ಡು ಸೋರಲು ಶುರುವಾದದ್ದು ಹಿಂದಿನ ಜುಲೈಯಲ್ಲಿ.

ಸಂಜೆ ಏಳರ ಹೊತ್ತು, ಬಡಾವಣೆಯ ಕೊನೆಯ ಕಿರಾಣಿ ಅಂಗಡಿ. ಬಾಗಿಲ ಅಡ್ಡಪಟ್ಟಿಯಿಂದ ಶಾಂಪೂ, ಕಾಫಿಪುಡಿ, ಬಟ್ಟೆ ಸೋಪಿನ ಪುಡಿಯ ಪೊಟ್ಟಣಗಳ ಸರಗಳು ಇಳಿಬಿದ್ದಿವೆ. ಗಾರೆ ಕೆಲಸ ಮುಗಿಸಿ ಬಂದವಳು ಅಂದಿನ ಕೂಲಿಯಲ್ಲಿ ಅರ್ಧ ಕೆಜಿ ಅಕ್ಕಿ, ಸಣ್ಣ ಎಣ್ಣೆ ಪೊಟ್ಟಣ, ಸರದಿಂದ ಹರಿದ ಎರಡು ಕಾಫಿಪುಡಿ ಕೊಳ್ಳುತ್ತಾಳೆ. ತಿಂಗಳ ಸಾಮಾನು ಒಟ್ಟಿಗೆ ತಂದರೆ ಅಗ್ಗ ಎಂದು ಅವಳಿಗೆ ಹೇಳಿಕೊಡಬೇಕಾಗಿಲ್ಲ. ಅವಳ ಕೈಗೆ ತಿಂಗಳ ದುಡ್ಡು ಒಟ್ಟಿಗೆ ಬಂದದ್ದೇ ಇಲ್ಲ.

ಉಳ್ಳವನು ಸಣ್ಣದಾಗಿ ಕೊಳ್ಳುವುದು ಮರೆವಿನಿಂದ. ಇಲ್ಲದವನು ಸಣ್ಣದಾಗಿ ಕೊಳ್ಳುವುದು ಬೇರೆ ದಾರಿಯಿಲ್ಲದೆ. ಇಬ್ಬರಿಗೂ ಒಂದೇ ಬುದ್ಧಿವಾದ ಹೇಳುವುದು ಅನ್ಯಾಯ.

ತಮಿಳುನಾಡಿನ ಕಡಲೂರಿನ ಕಡೆಯಿಂದ ಶಾಂಪೂ ಸಣ್ಣ ಪೊಟ್ಟಣದಲ್ಲಿ ಹೊರಟು, 1980ರ ದಶಕದಲ್ಲಿ ಬಾಟಲಿ ಕೊಳ್ಳಲಾರದವರ ಬಚ್ಚಲನ್ನೂ ತಲುಪಿತು. ಅದು ಉಪಕಾರವೂ ಹೌದು, ವ್ಯಾಪಾರವೂ ಹೌದು. ಅಲ್ಲಿಂದ ಮುಂದೆ ಪ್ರತಿಯೊಂದು ವಸ್ತುವೂ ಜೇಬಿಗೆ ಹೊಂದುವಷ್ಟು ಚಿಕ್ಕದಾಯಿತು. ಎಲ್ಲ ವಸ್ತುಗಳಿಗೂ ಸಾಲುವಷ್ಟು ಜೇಬು ದೊಡ್ಡದಾಗಲಿಲ್ಲ.

ಐದು ರೂಪಾಯಿಯ ಬಿಸ್ಕತ್ತು ವರ್ಷಗಟ್ಟಲೆ ಐದೇ ರೂಪಾಯಿ. ಇಳಿದದ್ದು ಒಳಗಿನ ತೂಕ. ಬೆಲೆ ಏರಿದರೆ ದೊಡ್ಡವರು ಬೈಯುತ್ತಾರೆ. ತೂಕ ಇಳಿದರೆ ಮಗು ಇನ್ನೊಂದು ಪೊಟ್ಟಣ ಕೇಳುತ್ತದೆ.

ಗ್ರಾಮಿಗೆ ಎಷ್ಟು, ಮಿಲಿಲೀಟರಿಗೆ ಎಷ್ಟು ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂಬ ನಿಯಮ ಈಗ ಇದೆ. ಬಣ್ಣದ ಚಿತ್ರಕ್ಕೆ ಮುಂಭಾಗ, ನಿಜವಾದ ಬೆಲೆಗೆ ಹಿಂಭಾಗ. ಪೊಟ್ಟಣ ತಿರುಗಿಸಿ ನೋಡುವುದನ್ನು ಮಕ್ಕಳಿಗೆ ಮಗ್ಗಿಯ ಜೊತೆಗೇ ಕಲಿಸಬೇಕು.

ನಾಲ್ಕಾಣೆಯ ಚಲಾವಣೆ 2011ರ ಜೂನ್ 30ಕ್ಕೆ ನಿಂತಿತು. ಅದಕ್ಕೆ ಮುಂಚೆಯೇ ಜನ ಅದನ್ನು ಎಣಿಸುವುದನ್ನು ಬಿಟ್ಟಿದ್ದರು. ಆಮೇಲೆ ಒಂದು ರೂಪಾಯಿಯನ್ನು ಬಿಟ್ಟರು, ಆಮೇಲೆ ಐದನ್ನು. ಈಗ ಹತ್ತನ್ನೂ ಎಣಿಸುವುದಿಲ್ಲ. ದುಡ್ಡಿನ ಬೆಲೆ ಇಳಿಯುವುದು ಪೇಟೆಯಲ್ಲಿ. ಎಣಿಸುವ ಗೆರೆ ಏರುವುದು ಮನಸ್ಸಿನಲ್ಲಿ.

ಐನೂರರ ನೋಟು ಮುರಿಸಲು ಮನಸ್ಸು ಬಾರದೆ ಎಷ್ಟೋ ಖರ್ಚು ಅಂಗಡಿಯ ಮೆಟ್ಟಿಲಲ್ಲೇ ನಿಂತುಹೋಗುತ್ತಿತ್ತು. ಫೋನಿನಲ್ಲಿರುವ ಹಣವನ್ನು ಮುರಿಸಬೇಕಾಗಿಲ್ಲ. ಅದು ಕರಗುತ್ತದೆ.

2016ರಲ್ಲಿ ಯುಪಿಐ ಬಂತು. 2022ರಲ್ಲಿ ಸಣ್ಣ ಮೊತ್ತಕ್ಕೆ ಪಿನ್ನೂ ಬೇಡವೆಂದು ಯುಪಿಐ ಲೈಟ್ ಬಂತು: ಮೊದಲು ಇನ್ನೂರರವರೆಗೆ, ಆಮೇಲೆ ಐನೂರು, ಈಗ ಸಾವಿರ. ಪಿನ್ ಒತ್ತಲು ಹಿಡಿಯುತ್ತಿದ್ದುದು ಎರಡು ಸೆಕೆಂಡು. ಮನಸ್ಸು ಬದಲಿಸಲು ಉಳಿದಿದ್ದ ಹೊತ್ತೂ ಅಷ್ಟೇ.

ಬಂದ ಹಣವನ್ನು ಅಂಗಡಿಯ ಸೌಂಡ್‌ಬಾಕ್ಸು ಬೀದಿಗೆ ಕೇಳುವಂತೆ ಕೂಗಿ ಹೇಳುತ್ತದೆ. ಹೋದ ಹಣವನ್ನು ಕೂಗಿ ಹೇಳುವವರು ಮನೆಯಲ್ಲಿಲ್ಲ.

ಉದ್ರಿ ಪುಸ್ತಕದ ಕಾಲದಲ್ಲಿ ಮನೆಗೊಂದು ಪುಟವಿತ್ತು. ಸಕ್ಕರೆ ಅರ್ಧ, ಬೇಳೆ ಕಾಲು, ಬೆಂಕಿಪೊಟ್ಟಣ ಒಂದು ಎಂದು ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದ ಅಂಗಡಿಯವರು ಒಂದನೇ ತಾರೀಖು ಒಟ್ಟು ಕೂಡಿ ಓದುತ್ತಿದ್ದರು. ನಾಲ್ಕು ಜನರ ಮುಂದೆ ಆ ಮೊತ್ತ ಕೇಳಿಸಿಕೊಳ್ಳುವುದು ನೋವಿನ ಕೆಲಸ. ಉದ್ರಿಯಲ್ಲಿ ಅವಮಾನವಿತ್ತು, ಲೆಕ್ಕವೂ ಇತ್ತು. ಅವಮಾನ ತೊಲಗಿದ್ದು ಒಳ್ಳೆಯದಾಯಿತು. ಲೆಕ್ಕ ಅದರ ಜೊತೆಯಲ್ಲೇ ಹೋಗಬೇಕಾಗಿರಲಿಲ್ಲ.

ಫೋನು ಎಲ್ಲವನ್ನೂ ಬರೆದಿಡುತ್ತದೆ. ಬರೆದ ಕೈ ನಮ್ಮದಲ್ಲ, ಹಾಗಾಗಿ ನೆನಪೂ ನಮ್ಮದಲ್ಲ.

1888ರಲ್ಲಿ ಕಾನೂನು ಓದಲು ಲಂಡನ್ನಿಗೆ ಹೋದ ಗಾಂಧಿ ಬಸ್ಸಿನ ಚಾರ್ಜು, ಅಂಚೆಯ ಖರ್ಚು, ಪತ್ರಿಕೆಗೆ ಕೊಟ್ಟ ಪುಡಿಗಾಸು ಎಲ್ಲವನ್ನೂ ಬರೆದಿಟ್ಟು, ಮಲಗುವ ಮುಂಚೆ ಲೆಕ್ಕ ಕೂಡಿಸುತ್ತಿದ್ದರೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆಮೇಲೆ ನಡೆದು ಹೋಗಿಬರುವಷ್ಟು ದೂರದಲ್ಲಿ ಕೋಣೆ ಹಿಡಿದರು. ಬಸ್ಸಿನ ದುಡ್ಡು ಉಳಿಯಿತು, ಮೈಗೆ ನಡಿಗೆ ದಕ್ಕಿತು. ಮುಂದೆ ಸಾರ್ವಜನಿಕರ ಲಕ್ಷಗಟ್ಟಲೆ ಹಣ ಕೈಯಲ್ಲಿ ಹಾದುಹೋದಾಗ ನೆರವಾದದ್ದೂ ಆ ಪುಡಿಗಾಸಿನ ಅಭ್ಯಾಸವೇ.

ಪುಡಿಗಾಸನ್ನು ಬರೆಯುವವನು ಜಿಪುಣನಲ್ಲ. ಎಲ್ಲಿ ಕೈಬಿಚ್ಚಬೇಕೆಂದು ತಿಳಿಯಲು ಬರೆಯುವವನು ಅವನು.

ಮೊಬೈಲು ಕಂಪನಿಗಳ ತಿಂಗಳಿಗೆ 28 ದಿನ. ಹಾಗೆ ಎಣಿಸಿದರೆ ವರ್ಷಕ್ಕೆ ಹದಿಮೂರು ತಿಂಗಳು. ಕನಿಷ್ಠ ಒಂದಾದರೂ 30 ದಿನದ ಪ್ಲಾನ್ ಇರಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರಲ್ಲಿ ಹೇಳಬೇಕಾಯಿತು. ಸಂಬಳಕ್ಕೆ ಹದಿಮೂರನೆಯ ತಿಂಗಳಿಲ್ಲ. ಮನೆಯಲ್ಲಿ ನಾಲ್ಕು ಫೋನಿದ್ದರೆ ಸಂಬಳವಿಲ್ಲದ ಆ ತಿಂಗಳು ನಾಲ್ಕು ಸಲ ಬರುತ್ತದೆ.

2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಆಗಸ್ಟ್‌ನಲ್ಲಿ ಬೆಂಗಳೂರಿನ ಆಟೊ ಕನಿಷ್ಠ ದರ ಮೂವತ್ತರಿಂದ ಮೂವತ್ತಾರಾಯಿತು. ರೈತನಿಗೂ ಆಟೊ ಓಡಿಸುವವನಿಗೂ ಆ ಹಣ ನ್ಯಾಯವೇ. ದಿನಕ್ಕೊಂದು ಲೀಟರು ಹಾಲಿನ ಮನೆಗೆ ವರ್ಷಕ್ಕೆ 1,460 ಹೆಚ್ಚಿತು ಎಂಬುದೂ ಅಷ್ಟೇ ನಿಜ. ಏರಿಕೆಗಳು ಬೇರೆ ಬೇರೆ ದಿನ ಬರುತ್ತವೆ. ಮನೆ ಅವನ್ನು ಒಂದೇ ತಿಂಗಳಲ್ಲಿ ಕೂಡಿಸಬೇಕು.

ಕೇಂದ್ರ ಸರ್ಕಾರದ 2022–23ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಮನೆಗಳ ಖರ್ಚಿನಲ್ಲಿ ಧಾನ್ಯಗಳ ಪಾಲು ಶೇ. 3.64. ಪಾನೀಯ ಮತ್ತು ಸಿದ್ಧ ತಿನಿಸುಗಳ ಪಾಲು ಶೇ. 10.64. ಹಳ್ಳಿಯಲ್ಲೂ 4.91ಕ್ಕೆ ಎದುರಾಗಿ 9.62. ಅಕ್ಕಿಯ ಬೆಲೆ ಏರಿದರೆ ಊರೆಲ್ಲ ಮಾತಾಡುತ್ತದೆ. ಅದಕ್ಕಿಂತ ಹೆಚ್ಚು ನುಂಗುವುದು ಅಕ್ಕಿಯ ಚೀಲದಲ್ಲಿಲ್ಲ, ಲಟಲಟ ಎನ್ನುವ ಪ್ಲಾಸ್ಟಿಕ್ ಪೊಟ್ಟಣದಲ್ಲಿದೆ.

ಡೆಲಿವರಿ ಚಾರ್ಜಿನ ಇಪ್ಪತ್ತೈದು ರೂಪಾಯಿ ಉಳಿಸಲು ಎಂಬತ್ತು ರೂಪಾಯಿಯ ಸಾಮಾನು ಹೆಚ್ಚಿಗೆ ತರಿಸುತ್ತೇವೆ. ಉಳಿಸಿದ್ದು ಬಿಲ್ಲಿನಲ್ಲಿ ಎದ್ದು ಕಾಣುತ್ತದೆ. ಕಳೆದದ್ದು ಕಪಾಟಿನ ಮೂಲೆಯಲ್ಲಿ ಬಿದ್ದಿರುತ್ತದೆ.

ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ವಸ್ತುವಿಗೆ ಚೀಟಿ ಬರೆಯುವವರಿಲ್ಲ. ಸಂತೆ ವಾರಕ್ಕೊಮ್ಮೆ ಆಗಿದ್ದಾಗ ಆಸೆಗೂ ಆರು ದಿನ ಕಾಯುವ ಅಭ್ಯಾಸವಿತ್ತು. ಕಾಯುತ್ತಲೇ ಅರ್ಧ ಆಸೆ ಸಾಯುತ್ತಿತ್ತು.

ತಿಂಗಳು ತಿಂಗಳೂ ತಾನಾಗಿ ಕಡಿತವಾಗುವ ಚಂದಾಕ್ಕೆ ಇಪ್ಪತ್ತನಾಲ್ಕು ಗಂಟೆ ಮುಂಚೆ ಸೂಚನೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. 2021ರ ಅಕ್ಟೋಬರ್‌ನಿಂದ ಅದು ಜಾರಿಯಲ್ಲಿದೆ. ಆ ಸಂದೇಶ ಓದಿದ ದಿನವೇ ತೀರ್ಮಾನಿಸಬೇಕು. ‘ಮುಂದಿನ ತಿಂಗಳು ನಿಲ್ಲಿಸೋಣ’ ಎಂಬ ಮಾತಿನ ಮೇಲೆ ಎಷ್ಟೋ ಉದ್ಯಮಗಳು ನಿಂತಿವೆ.

ಮೊದಲ ದಿನ ಆಸೆ, ಹತ್ತನೆಯ ದಿನ ರೂಢಿ, ತಿಂಗಳು ಕಳೆದರೆ ಅಗತ್ಯ. ಬೆಲೆ ಅಷ್ಟೇ ಇದೆ, ಪ್ರಶ್ನೆ ಕೇಳುವವರು ಇಲ್ಲವಾದರು.

ಅಂಗಡಿಯವನು ಕುರುಕಲು ತಿಂಡಿಯನ್ನು ಮಗುವಿನ ಕಣ್ಣಿಗೆ ನೇರವಾಗಿ ತೂಗುಹಾಕುತ್ತಾನೆ. ಹತ್ತು ರೂಪಾಯಿಗೆ ಇಲ್ಲ ಎನ್ನುವಾಗ ಪ್ರೀತಿಗೇ ಇಲ್ಲ ಎಂದಂತೆ ಹೆತ್ತವರಿಗೆ ನೋವಾಗುತ್ತದೆಂದು ಅವನಿಗೆ ಗೊತ್ತು. ದಿನವಿಡೀ ದುಡಿದು ತಡವಾಗಿ ಮನೆಗೆ ಬರುವವರಿಗೆ ಆ ನೋವು ಹೆಚ್ಚು. ಮಗುವಿಗೆ ಕೊಡಲಾಗದ ಹೊತ್ತಿನ ಬದಲು ಎಷ್ಟು ಪೊಟ್ಟಣಗಳು ಮನೆಗೆ ಬಂದಿವೆಯೋ ಯಾರೂ ಎಣಿಸಿಲ್ಲ.

ಖರ್ಚು ಕಡಿಮೆ ಮಾಡೋಣ ಎಂದು ಗಂಡ ಹೇಳಿದ ಮರುದಿನ ನಿಲ್ಲುವುದು ಹೆಂಡತಿಯ ಮೊಳ ಮಲ್ಲಿಗೆ. ಅವನ ಸಿಗರೇಟು ಚರ್ಚೆಗೇ ಬರುವುದಿಲ್ಲ.

ಸಾಮಾನು ತಂದು ಉಳಿದ ಚಿಲ್ಲರೆ ಅಡುಗೆಮನೆಯ ಸಾಸಿವೆ ಡಬ್ಬಿ ಸೇರುತ್ತಿತ್ತು. ಮನೆಯ ಅತ್ಯಂತ ಚಿಕ್ಕ ಬ್ಯಾಂಕು, ಮಗುವಿಗೆ ಮಧ್ಯರಾತ್ರಿ ಜ್ವರ ಬಂದಾಗ ಬಾಗಿಲು ತೆರೆಯುತ್ತಿದ್ದ ಒಂದೇ ಬ್ಯಾಂಕು. 2016ರ ನವೆಂಬರ್ 8ರ ರಾತ್ರಿ ನೋಟು ರದ್ದಾದಾಗ ಎಷ್ಟೋ ಹೆಂಗಸರು ಆ ಡಬ್ಬಿಯ ಗುಟ್ಟನ್ನು ಗಂಡನ ಮುಂದೆ ಬಿಚ್ಚಬೇಕಾಯಿತು. ಈಗ ಫೋನು ಅಂಗಡಿಗೆ ಸರಿಯಾದ ಮೊತ್ತವನ್ನೇ ಕೊಡುತ್ತದೆ. ಚಿಲ್ಲರೆ ಉಳಿಯುವುದಿಲ್ಲ. ಖರ್ಚು ಸಲೀಸಾದಂತೆ ಅವಳ ಉಳಿತಾಯದ ದಾರಿ ಮುಚ್ಚಿತು. ಇದನ್ನು ಯಾರೂ ನಷ್ಟವೆಂದು ಬರೆದುಕೊಳ್ಳಲಿಲ್ಲ.

ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರವನ್ನು ಮೂವತ್ತರಿಂದ ಭಾಗಿಸಿದರೆ ದಿನಕ್ಕೆ ಸುಮಾರು ಅರವತ್ತೇಳು ರೂಪಾಯಿ. ಬೀದಿಗೆ ಅದು ಒಂದು ಸಂಜೆಯ ಹಣ. ಅದನ್ನೇ ಕೂಡಿಟ್ಟು ಹೊಲಿಗೆ ಯಂತ್ರ ಕೊಂಡ ಹೆಂಗಸರು ನಮ್ಮ ನಡುವೆ ಇದ್ದಾರೆ. ಒಡೆದರೆ ತಿಂಡಿ, ಕೂಡಿದರೆ ಕಸುಬು.

ಕಂತು ಸಣ್ಣದು ಎಂಬ ಧೈರ್ಯದಲ್ಲೇ ಸಾಲ ದೊಡ್ಡದಾಗುತ್ತದೆ. ವಾರಕ್ಕೆ ಒಂದು ಸಂಘದ ಕಂತು ಹಗುರ. ನಾಲ್ಕು ಸಂಘಗಳ ಕಂತು ಸೇರಿದರೆ ಕಿವಿಯ ಓಲೆ ಗಿರವಿಗೆ. ಇಂಥ ಕಿರುಸಾಲದ ವಸೂಲಿಗಾರರ ಕಿರುಕುಳ ತಡೆಯಲು 2025ರ ಫೆಬ್ರುವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತಂದಿತು. ಬಾಗಿಲಲ್ಲಿ ನಿಂತು ಕೂಗುವವನಿಗೆ ಅದು ತಡೆ. ಒಳಗೆ ಸಾಲದ ಮೇಲೆ ಸಾಲ ಬರೆದುಕೊಳ್ಳುವ ಕೈಗೆ ತಡೆಯಿಲ್ಲ.

ದರ್ಶಿನಿಯ ಎತ್ತರದ ಮೇಜಿನ ಮುಂದೆ ಇಬ್ಬರು ನಿಂತಿದ್ದಾರೆ. ‘ಬೈಟು ಕಾಫಿ’ ಎಂದರೆ ಸಾಕು, ಒಂದು ಕಾಫಿ ಎರಡು ಲೋಟಕ್ಕೆ ಇಳಿಯುತ್ತದೆ. ಕಾಫಿ ಕೊಡುವವನು ಮುಖ ಸಿಂಡರಿಸುವುದಿಲ್ಲ, ಕುಡಿಯುವವರಿಗೆ ಸಂಕೋಚವಿಲ್ಲ. ಅರ್ಧ ಲೋಟಕ್ಕೆ ಪೂರ್ತಿ ಮಾತು ಮುಗಿಯುತ್ತದೆ. ಮಿತವ್ಯಯವನ್ನು ಸ್ನೇಹದ ಮರ್ಯಾದೆಯಾಗಿ ಮಾಡಿಕೊಂಡ ಈ ನಾಡಿನ ಪದ್ಧತಿಗಿಂತ ಒಳ್ಳೆಯ ಅರ್ಥಶಾಸ್ತ್ರ ಹೊರಗಿನಿಂದ ಬರಬೇಕಾಗಿಲ್ಲ.

ಕಟ್ಟಡದ ಕೆಲಸದವನ ಹನ್ನೊಂದು ಗಂಟೆಯ ಚಹಾವನ್ನು ದುಂದು ಎನ್ನಬಾರದು. ಕೂರಲು ಸಿಗುವ ಹತ್ತು ನಿಮಿಷಕ್ಕೆ ಅವನು ಕೊಡುವ ಬಾಡಿಗೆ ಅದು.

ಎಲ್ಲ ಸಣ್ಣ ಖರ್ಚನ್ನೂ ಅಳಿಸಿದ ಮನೆಯಲ್ಲಿ ಹಣ ಉಳಿಯಬಹುದು, ನಗು ಉಳಿಯುವುದು ಅನುಮಾನ. ಯಾವುದನ್ನೂ ಎಣಿಸದ ಮನೆಯಲ್ಲಿ ನಗು ಇಪ್ಪತ್ತನೇ ತಾರೀಖಿನವರೆಗೆ.

ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ ಬರೆಯುವ ಮನೆಗಳು ಇನ್ನೂ ಇವೆ: ಒಂದು, ಒಂದು, ಒಂದೂವರೆ, ಇಲ್ಲ. ದಾರದಲ್ಲಿ ಕಟ್ಟಿದ ಪೆನ್ಸಿಲ್, ಎಲ್ಲರ ಕಣ್ಣಿಗೂ ಬೀಳುವ ಜಾಗ. ಹಾಲಿಗೆ ಸಂದ ಈ ಗೌರವ ಉಳಿದ ಖರ್ಚಿಗೂ ಸಲ್ಲಬೇಕು.

ಲೆಕ್ಕದ ಪುಸ್ತಕ ಒಬ್ಬರ ಕೈಯಲ್ಲಿದ್ದರೆ ಉಳಿದವರಿಗೆ ಅದು ಆರೋಪಪಟ್ಟಿ. ಗಂಡನ ಪೆಟ್ರೋಲು, ಹೆಂಡತಿಯ ಆಟೊ, ಮಗಳ ಡೇಟಾ ಪ್ಯಾಕು, ಮಗನ ಎಗ್ ಪಫ್ಸು, ಅತ್ತೆಯ ಎಲೆಅಡಿಕೆ ಎಲ್ಲವೂ ಒಂದೇ ಪುಟದಲ್ಲಿ ಅವರವರ ಕೈಬರಹದಲ್ಲೇ ಇರಬೇಕು. ತಿಂಗಳ ಕೊನೆಗೆ ಎಲ್ಲರೂ ಕೂತು ಕೂಡಿಸಲಿ. ತನ್ನ ಸಾಲಿಗೆ ತಾನೇ ಗೆರೆ ಎಳೆಯುವ ಹಕ್ಕು ಮಾತ್ರ ಎಲ್ಲರಿಗೂ ಇರಲಿ, ಇನ್ನೊಬ್ಬರದಕ್ಕೆ ಬೇಡ. ಅತ್ತೆಯ ಎಲೆಅಡಿಕೆಯನ್ನು ಯಾರೂ ಮುಟ್ಟದಿರಲಿ.