ದಾಖಲಾತಿ ವಹಿಯಲ್ಲಿ ಮನೆತನ

ಕೊಡಗಿನ ಮಾದಾಪುರದ ಕಡೆಯ ಹಲವು ಮನೆಗಳಲ್ಲಿ ಅಜ್ಜ ಓದಿದ ಕಾಲೇಜಿಗೇ ಮಗ ಹೋದ, ಮಗ ಓದಿದಲ್ಲಿಗೇ ಮೊಮ್ಮಗಳೂ ಹೋದಳು. ಊರಿನಲ್ಲಿ ಶ್ರೀಮತಿ ಡಿ. ಚೆನ್ನಮ್ಮ ಪದವಿಪೂರ್ವ ಕಾಲೇಜಿದೆ. ಪಿಯುಸಿ ಮುಗಿದರೆ ಡಿಗ್ರಿಗೆ ಮಡಿಕೇರಿ ಬಸ್ಸು.

ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಶುರುವಾದದ್ದು 1949ರಲ್ಲಿ. ಅದಕ್ಕೂ ಮೊದಲು ಹೆಚ್ಚಿನ ಓದು ಬೇಕೆಂದವರು ಘಟ್ಟ ಇಳಿಯಬೇಕಿತ್ತು. ಮುಂದೆ ಫೀಲ್ಡ್ ಮಾರ್ಷಲ್ ಆದ ಕೊಡಂದೇರ ಕಾರ್ಯಪ್ಪನವರು ಮಡಿಕೇರಿಯ ಸೆಂಟ್ರಲ್ ಹೈಸ್ಕೂಲ್ ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಮಡಿಕೇರಿಯ ಕಾಲೇಜಿಗೆ ಈಗ ಅವರದೇ ಹೆಸರು. ಆದರೆ ಮಗನನ್ನು ಅಷ್ಟು ದೂರ ಕಳಿಸಿ ಓದಿಸುವ ಶಕ್ತಿ ಎಷ್ಟು ಮನೆಗಳಿಗಿತ್ತು? ಮಗಳ ಮಾತಂತೂ ಬೇಡ. ಸಂಜೆಗೆ ಮನೆ ಸೇರಬಹುದಾದಷ್ಟು ಹತ್ತಿರ ಕಾಲೇಜು ಬಂದಿತೆಂದೇ ಹೆಣ್ಣುಮಕ್ಕಳ ಓದಿಗೆ ಹಿರಿಯರು ಧೈರ್ಯವಾಗಿ ಒಪ್ಪಿದ್ದು ಎಂದು ನಾನು ನಂಬುತ್ತೇನೆ.

ಮೊದಲ ವಿದ್ಯಾರ್ಥಿಗಳು ಸೇರಿದಾಗ ಕೊಡಗು ಪ್ರತ್ಯೇಕ ಆಡಳಿತದಲ್ಲಿತ್ತು. 1956ರಲ್ಲಿ ಅದು ಮೈಸೂರು ರಾಜ್ಯದೊಳಗೆ ಬಂತು, 1973ರಲ್ಲಿ ಆ ರಾಜ್ಯ ಕರ್ನಾಟಕವಾಯಿತು. ಇಷ್ಟೆಲ್ಲ ಬದಲಾದರೂ ಒಂದೇ ಮನೆಯ ಮಕ್ಕಳು ಅದೇ ಕಾಲೇಜಿಗೆ ಬರುತ್ತಲೇ ಇದ್ದರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಹಾಗಾಗಿ ಹಳೆಯ ದಾಖಲಾತಿ ವಹಿಯ ಪುಟ ತಿರುವಿದರೆ ಒಂದು ಮನೆತನದ ಮೂರು ತಲೆಮಾರನ್ನು ಗುರುತಿಸುವುದು ಕಷ್ಟವಲ್ಲ.

ಆ ವಹಿಗಳ ಬೆಲೆ ತಿಳಿಸಿದ್ದು 2018ರ ಆಗಸ್ಟ್. ಹಟ್ಟಿಹೊಳೆ, ಮಕ್ಕಂದೂರು, ಮಾದಾಪುರದ ಸುತ್ತ ಗುಡ್ಡ ಕುಸಿಯಿತು. ರಸ್ತೆ ಹೋಯಿತು, ತೋಟ ಹೋಯಿತು, ಮನೆಗಳು ಮಣ್ಣಿನಡಿ ಸೇರಿದವು. ಮಾದಾಪುರದ ಹತ್ತಿರದ ಜಂಬೂರಿನಲ್ಲಿ ಸಂತ್ರಸ್ತರಿಗೆ ಹೊಸ ಮನೆಗಳು ಎದ್ದಿವೆ. ಕಪಾಟಿನಲ್ಲಿದ್ದ ಅಂಕಪಟ್ಟಿಗೆ ನಕಲು ಪ್ರತಿ ಸಿಗಬಹುದು. ಅಜ್ಜನ ಕಾಲೇಜು ದಿನಗಳ ಗುಂಪು ಫೋಟೋ ಎಲ್ಲಿಂದ ತರುವುದು? ಮನೆಯಲ್ಲಿದ್ದ ಗುರುತೆಲ್ಲ ಕೊಚ್ಚಿಹೋದ ಕುಟುಂಬಕ್ಕೆ, ತಮ್ಮ ಹಿರಿಯರು ಓದಿದ್ದರು ಎಂಬುದಕ್ಕೆ ಉಳಿಯುವುದು ಕಾಲೇಜಿನ ಕಪಾಟಿನಲ್ಲಿರುವ ಆ ಒಂದು ಸಾಲು.

ಕೊಡಗಿನ ಕಾಲೇಜುಗಳ ಪ್ರಾಂಶುಪಾಲರಲ್ಲಿ ನನ್ನದೊಂದು ಕೋರಿಕೆ. ಇಲ್ಲಿಯ ಮಳೆಗೆ ಕಾಗದ ಬೇಗ ಬೂಸಲು ಹಿಡಿಯುತ್ತದೆ. ಹಳೆಯ ದಾಖಲಾತಿ ವಹಿಗಳನ್ನೂ ವಾರ್ಷಿಕ ಸಂಚಿಕೆಗಳನ್ನೂ ಈ ಬೇಸಿಗೆಯಲ್ಲೇ ಸ್ಕ್ಯಾನ್ ಮಾಡಿಸಿಡಿ. ಹಳೆಯ ವಿದ್ಯಾರ್ಥಿಗಳು ಅದರ ಖರ್ಚಿಗೆ ಕೈಜೋಡಿಸಲಿ.