ಲೆಕ್ಕವಿಟ್ಟ ಕೊಡುಗೆಯೂ ದಾಸೋಹವೂ

ಕೊಟ್ಟುದಕ್ಕೆ ಲೆಕ್ಕವಿಡಬಹುದೇ? ಲೆಕ್ಕವಿಟ್ಟು ಕೊಟ್ಟುದು ಕೊಡುಗೆಯೆನಿಸುವುದೇ, ಇಲ್ಲವೆ ಅದು ಸಾಲದ ಇನ್ನೊಂದು ಹೆಸರೇ? ಸಂಸಾರಿಯಾದ ಪ್ರತಿಯೊಬ್ಬ ಭಕ್ತನ ಮನದಲ್ಲಿಯೂ ಒಂದಿಲ್ಲೊಂದು ಸಮಯದಲ್ಲಿ ಈ ಪ್ರಶ್ನೆಯು ಏಳದೆ ಇರದು. ಮದುವೆ, ಲಿಂಗದೀಕ್ಷೆ, ಗೃಹಪ್ರವೇಶಗಳಲ್ಲಿ ಕೊಡುವುದೂ ಕೊಳ್ಳುವುದೂ ನಡೆದೇ ಇರುತ್ತದೆ. ಜಾತ್ರೆಯ ದಾಸೋಹಕ್ಕೆ ಕಾಳುಕಡಿಯು ಸಲ್ಲುತ್ತಲೇ ಇರುತ್ತದೆ. ಇವೆರಡರ ಸ್ವರೂಪವು ಒಂದೆಯೋ ಬೇರೆಯೋ ಎಂಬುದು ವಿಚಾರಣೀಯವಾದ ಸಂಗತಿ. ಇದಕ್ಕೆ ದೂರದ ಮೆಕ್ಸಿಕೋ ದೇಶದ ಒಂದು ಹಬ್ಬವು ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದನೆಂದು ಹೇಳಲಾಗುವ ಮೋಳಿಗೆಯ ಮಾರಯ್ಯನನ್ನು ತನ್ನವನೆಂದು ಬರಮಾಡಿಕೊಂಡ ಪರಂಪರೆಗೆ, ದೃಷ್ಟಾಂತವು ದೂರದಿಂದ ಬಂದಿತೆಂಬ ಸಂಕೋಚವು ಸಲ್ಲದು.

ಮೆಕ್ಸಿಕೋದ ದಕ್ಷಿಣಭಾಗದಲ್ಲಿ ವಾಹಾಕಾ ಎಂಬ ಪ್ರಾಂತವಿದೆ. ಅದರ ರಾಜಧಾನಿಗೂ ಅದೇ ಹೆಸರು. ಸಮುದ್ರಮಟ್ಟದಿಂದ ಸುಮಾರು 1,550 ಮೀಟರು ಎತ್ತರದ ಕಣಿವೆಯಲ್ಲಿ, ಬೆಟ್ಟಗಳ ನಡುವೆ ನೆಲೆಸಿರುವ ಈ ಪಟ್ಟಣಕ್ಕೆ 1532ರಲ್ಲಿ ಸ್ಪೇನಿನ ಅರಸನಿಂದ ನಗರವೆಂಬ ಮನ್ನಣೆಯು ದೊರೆಯಿತು. ಪ್ರತಿವರ್ಷ ಜುಲೈ 16ರ ಕಾರ್ಮೆಲ್ ಮಾತೆಯ ಉತ್ಸವವು ಕಳೆದ ಮೇಲೆ ಬರುವ ಎರಡು ಸೋಮವಾರಗಳಲ್ಲಿ ಇಲ್ಲಿ ಗೆಲಗೆಟ್ಸಾ ಎಂಬ ಹಬ್ಬವು ನೆರವೇರುತ್ತದೆ. ಆ ಪ್ರಾಂತದಲ್ಲಿಯೇ ಜನಿಸಿ, ರಾಷ್ಟ್ರಾಧ್ಯಕ್ಷನಾಗಿ, 1872ರ ಜುಲೈ 18ರಂದು ದಿವಂಗತನಾದ ಬೆನಿತೊ ಹ್ವಾರೆಸನ ಪುಣ್ಯತಿಥಿಯು ಸೋಮವಾರದಂದೇ ಬಂದರೆ, ಗೌರವಾರ್ಥವಾಗಿ ಹಬ್ಬವನ್ನು ಒಂದು ವಾರ ಮುಂದಕ್ಕೆ ಹಾಕುವ ಪದ್ಧತಿಯೂ ಉಂಟು. ಸ್ಪೇನಿನವರು ಬರುವುದಕ್ಕಿಂತ ಮುಂಚೆ ಇದೇ ಋತುವಿನಲ್ಲಿ ಮೆಕ್ಕೆಜೋಳದ ಅಧಿದೇವತೆಯ ಆರಾಧನೆಯು ಜರುಗುತ್ತಿತ್ತೆಂದು ಹೇಳುವರು. ಮತವು ಬದಲಾಯಿತು, ಬೆಟ್ಟವೂ ಋತುವೂ ಹಾಗೆಯೇ ಉಳಿದುವು. ಈಗಿನ ಹಬ್ಬದ ರೂಪಕ್ಕೆ 1932ರಲ್ಲಿ, ನಗರದ ನಾಲ್ಕುನೂರನೆಯ ವರ್ಷದ ಸಮಾರಂಭದಲ್ಲಿ, ತಳಹದಿಯು ಬಿದ್ದಿತು.

ಆ ದಿನವನ್ನು ಅಲ್ಲಿ ಕಳೆಯುವ ಯಾತ್ರಿಕನು ಬೆಳಗ್ಗೆಯೇ ಫೋರ್ತಿನ್ ಎಂಬ ಗುಡ್ಡವನ್ನು ಏರುತ್ತಾನೆ. ಅಲ್ಲಿ 1974ರಲ್ಲಿ ಕಟ್ಟಲ್ಪಟ್ಟ, ಸುಮಾರು 11,000 ಜನರಿಗೆ ಸ್ಥಳವಿರುವ ರಂಗಮಂದಿರವಿದೆ. ಹತ್ತು ಗಂಟೆಗೆ ವಾದ್ಯಘೋಷವು ಮೊದಲಾಗುತ್ತದೆ. ಪ್ರಾಂತದ ಎಂಟು ಸೀಮೆಗಳಿಂದ ಬಂದ ಜನರು ತಮ್ಮ ತಮ್ಮ ಉಡುಗೆತೊಡುಗೆಗಳಲ್ಲಿ ಸರದಿಯಂತೆ ಕುಣಿಯುತ್ತಾರೆ. ದೊಡ್ಡ ಚಕ್ರಾಕಾರದ ಗರಿಯ ಕಿರೀಟವನ್ನು ಹೊತ್ತ ಗಂಡಸರ ನೃತ್ಯವೊಂದು. ಹೆಗಲ ಮೇಲೆ ಅನಾನಸು ಹಣ್ಣನ್ನಿಟ್ಟುಕೊಂಡು ಸಾಲಾಗಿ ಹೆಜ್ಜೆಯಿಡುವ ತುಸ್ತೆಪೆಕ್ ಸೀಮೆಯ ಸ್ತ್ರೀಯರ ನೃತ್ಯವೊಂದು. ಕುಣಿತವು ಮುಗಿದೊಡನೆ ಪ್ರತಿಯೊಂದು ತಂಡವೂ ತನ್ನ ಸೀಮೆಯ ಬೆಳೆಯನ್ನೂ ಕೈಕೆಲಸವನ್ನೂ ನೆರೆದವರತ್ತ ಎಸೆಯುತ್ತದೆ: ಅನಾನಸು, ಮಾವು, ರೊಟ್ಟಿ, ಕಾಫಿ, ಗರಿಯ ಟೋಪಿ. ಮುದುಕರೂ ಮಕ್ಕಳೂ ಕೈಯೆತ್ತಿ ಹಿಡಿಯುತ್ತಾರೆ. ಯಾರ ಕೈಗೆ ಏನು ಸೇರಿತೆಂಬುದು ಎಸೆದವರಿಗೆ ತಿಳಿಯದು. ಯಾರು ಕೊಟ್ಟರೆಂಬುದು ಹಿಡಿದವರಿಗೂ ತಿಳಿಯದು.

ಹಬ್ಬದ ಹೆಸರೇ ಇಲ್ಲಿ ಮುಖ್ಯವಾದುದು. ಗೆಲಗೆಟ್ಸಾ ಎಂಬುದು ಆ ಕಣಿವೆಯ ಮೂಲನಿವಾಸಿಗಳಾದ ಸಪೋತೆಕರ ಮಾತು; ಪರಸ್ಪರ ಕೊಡುಗೆ, ಸಹಕಾರ ಎಂದು ಅದರ ಅರ್ಥ. ಹಳ್ಳಿಯಲ್ಲಿ ಒಂದು ಮದುವೆಯೋ ದೇವರ ಸೇವೆಯೋ ಒದಗಿದಾಗ ನೆಂಟರೂ ನೆರೆಯವರೂ ಜೋಳ, ಕೋಕೋ ಬೀಜ, ರೊಟ್ಟಿಗಳನ್ನು ತಂದೊಪ್ಪಿಸುತ್ತಾರೆ. ಟರ್ಕಿ ಕೋಳಿಯೂ ಅದರಲ್ಲಿ ಸೇರಿರುತ್ತದೆ. ಅವರ ಆಹಾರವು ಶರಣರ ಆಹಾರವಲ್ಲ, ಇಲ್ಲಿ ನೋಡತಕ್ಕದ್ದು ಪದ್ಧತಿಯನ್ನು ಮಾತ್ರ. ತಂದುದನ್ನೆಲ್ಲ ತೂಗಿ, ಎಣಿಸಿ, ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವನ ಮನೆಯಲ್ಲಿ ಕಾರ್ಯವು ಬಂದಾಗ ಅಷ್ಟನ್ನೇ ಹಿಂದಿರುಗಿಸತಕ್ಕದ್ದು. ಹತ್ತು ವರ್ಷಗಳು ಕಳೆದರೂ ಸರಿಯೆ. ತಂದೆಯ ಕಾಲದಲ್ಲಿ ತೀರದುದು ಮಕ್ಕಳ ತಲೆಯ ಮೇಲೆ ಬರುತ್ತದೆ. ಕೂಲಿಯಿಲ್ಲದೆ ಊರಿನ ರಸ್ತೆ, ಶಾಲೆ, ಕಾಲುವೆಗಳಿಗೆ ಮೈಮುರಿದು ದುಡಿಯುವ ತೆಕಿಯೊ ಎಂಬ ಕಟ್ಟಳೆಯೂ ಇದರೊಡನೆ ನಡೆದು ಬಂದಿದೆ. ಕನ್ನಡನಾಡಿನ ಮುಯ್ಯಿಯನ್ನೂ ಮುಯ್ಯಾಳನ್ನೂ ಬಲ್ಲವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಪುಸ್ತಕದಲ್ಲಿ ಬರೆದ ಕೊಡುಗೆಯಲ್ಲಿ ತ್ಯಾಗವೆಲ್ಲಿ? ಅದು ಬಡ್ಡಿಯಿಲ್ಲದ ಸಾಲವಲ್ಲವೇ? ಈ ಆಕ್ಷೇಪವು ತೋರುವಷ್ಟು ಬಲವಾದುದಲ್ಲ. ಪುಸ್ತಕವು ಕೊಳ್ಳುವವನ ಮಾನವನ್ನು ಕಾಯುತ್ತದೆ. ಇಂದು ಕೈಯೊಡ್ಡಿದವನು ನಾಳೆ ಕೈನೀಡುವನೆಂಬ ನಂಬಿಕೆಯು ಅಲ್ಲಿ ಬರೆಯಲ್ಪಟ್ಟಿರುತ್ತದೆ. ಅಲ್ಲಿ ಮೇಲಿನ ಕೈ ಕೆಳಗಿನ ಕೈಯೆಂಬ ಭೇದವು ನಿಲ್ಲುವುದಿಲ್ಲ. ಅದಕ್ಕೆ ಪ್ರತಿಯಾಗಿ, ಎಲ್ಲಿಯೂ ಬರೆಯದೆ ಕೊಟ್ಟು, ಮನಸ್ಸಿನಲ್ಲಿ ಮಾತ್ರ ಬರೆದಿಟ್ಟುಕೊಂಡವನ ಸ್ಥಿತಿಯು ಹೇಗೆ? ಅವನ ಲೆಕ್ಕವು ಎಂದಿಗೂ ತೀರದು. ಕಾಗದದ ಮೇಲಿನ ಎರಡು ಸೇರು ಜೋಳವು ಎರಡು ಸೇರು ಜೋಳದಿಂದ ತೀರುತ್ತದೆ. ಮನಸ್ಸಿನಲ್ಲಿ ಬರೆದ ಎರಡು ಸೇರು ಜೋಳಕ್ಕೆ ಕೊಂಡವನು ಬಾಳೆಲ್ಲ ತಲೆಬಾಗಿದರೂ ಸಾಲದು. ಅನ್ನವಿಕ್ಕಿ ಆಡಿ ತೋರಿಸುವವನಿಗಿಂತ ಬರೆದು ಕೊಡುವವನು ಎಷ್ಟೋ ಮೇಲು.

ಆದರೂ ಪುಸ್ತಕಕ್ಕೆ ಒಂದು ಮೇರೆಯುಂಟು. ಮರಳಿ ಕೊಡಬಲ್ಲವರ ಹೆಸರು ಮಾತ್ರ ಅದರಲ್ಲಿ ನಿಲ್ಲುತ್ತದೆ. ಮಕ್ಕಳಿಲ್ಲದ ವಿಧವೆ, ದಾರಿಹೋಕ, ಬೆಳೆ ಕೆಟ್ಟ ರೈತ ಇವರ ಹೆಸರನ್ನು ಎಲ್ಲಿ ಬರೆಯಬೇಕು? ಮುಯ್ಯಿ ತೀರಿಸಲಾರೆನೆಂಬ ನಾಚಿಕೆಯಿಂದ ಮದುವೆಯ ಚಪ್ಪರದ ಹೊರಗೆ ನಿಂತು ಹಿಂದಿರುಗಿದ ಬಡವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಲೆಕ್ಕದ ಧರ್ಮವು ಎಲ್ಲಿ ಸೋಲುವುದೋ ಅಲ್ಲಿ ದಾಸೋಹವು ಮೊದಲಾಗುತ್ತದೆ.

ದಾಸೋಹವೆಂಬ ಪದವನ್ನು ಬಿಡಿಸಿ ನೋಡಿದರೆ ‘ದಾಸಃ ಅಹಂ’, ನಾನು ದಾಸನು, ಎಂದಾಗುತ್ತದೆ. ಅಲ್ಲಿ ಕೊಡುವವನ ಹೆಸರಿದೆ. ಆದರೆ ಆ ಹೆಸರು ದಾತೃವೆಂದಲ್ಲ, ಸೇವಕನೆಂದು. ಹಾಗೆಂದು ಶರಣರು ಲೆಕ್ಕವನ್ನೇ ಅರಿಯದವರೆಂದು ತಿಳಿಯಬಾರದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ತಾಯಿಯು ಹೇಳಿ ಕಳುಹಿಸಿದ ಕಥೆಯು ಸರ್ವವಿದಿತವಾಗಿದೆ. ಇದಕ್ಕಿಂತ ಕಟ್ಟುನಿಟ್ಟಾದ ಲೆಕ್ಕವು ಇನ್ನಾವುದು? ಆದರೆ ಅದು ಪರರಿಂದ ಬರಬೇಕಾದುದರ ಲೆಕ್ಕವಲ್ಲ, ತಾವು ಕೊಂಡುದರ ಲೆಕ್ಕ. ಗೆಲಗೆಟ್ಸಾದ ಪುಸ್ತಕಕ್ಕೆ ಎರಡು ಮುಖಗಳು: ಬರಬೇಕಾದುದು ಒಂದು, ಕೊಡಬೇಕಾದುದು ಇನ್ನೊಂದು. ದಾಸೋಹಿಯು ಮೊದಲನೆಯದನ್ನು ಅಳಿಸುತ್ತಾನೆ. ಎರಡನೆಯದನ್ನು ದಿನದಿನವೂ ಓದುತ್ತಾನೆ.

ಆ ಎರಡನೆಯ ಮುಖವು ಎಷ್ಟು ದೀರ್ಘವಾದುದೆಂಬುದಕ್ಕೆ ಈ ಹಬ್ಬದ ನಾಡೇ ಸಾಕ್ಷಿ. ವಾಹಾಕಾ ಕಣಿವೆಯ ಒಂದು ಗವಿಯಲ್ಲಿ ಆರು ಸಾವಿರ ವರ್ಷಗಳಿಗೂ ಹಿಂದಿನ ಮೆಕ್ಕೆಜೋಳದ ಪುಟ್ಟ ತೆನೆಗಳು ದೊರೆತಿವೆ. ಕಾಡುಹುಲ್ಲನ್ನು ತಲೆಮಾರುಗಳ ಕಾಲ ಪಳಗಿಸಿ ತೆನೆಯಾಗಿಸಿದವರು ಮೆಕ್ಸಿಕೋದ ಒಕ್ಕಲಿಗರು. ಮೆಣಸಿನಕಾಯಿಯೂ ಅವರ ನೆಲದ್ದೇ. ಪೋರ್ತುಗೀಜರ ಹಡಗುಗಳ ಮೂಲಕ ಅದು ಭಾರತಕ್ಕೆ ಬಂದಿತು. ಬ್ಯಾಡಗಿಯ ಮೆಣಸಿನಕಾಯಿಯನ್ನೂ ದಾವಣಗೆರೆ, ಹಾವೇರಿಗಳ ಹೊಲದ ಮೆಕ್ಕೆಜೋಳವನ್ನೂ ಕಂಡವರಲ್ಲಿ ಈ ಕೊಡುಗೆಯನ್ನು ನೆನೆದವರೆಷ್ಟು ಮಂದಿ? ಇದನ್ನು ಯಾವ ಪುಸ್ತಕದಲ್ಲಿಯೂ ಯಾರೂ ಬರೆದಿಡಲಿಲ್ಲ. ತೀರಿಸೋಣವೆಂದರೆ ಕೊಟ್ಟವರು ಉಳಿದಿಲ್ಲ. ಕೊಟ್ಟವನಿಗೆ ತೀರಿಸಲಾಗದ ಋಣವನ್ನು ಹಸಿದು ಬಂದವನಿಗೆ ತೀರಿಸುವುದೊಂದೇ ಉಳಿದ ದಾರಿ. ದಾಸೋಹದ ಮರ್ಮವಿದು.

ಕೊಡುಗೆಯು ಕೆಡುವ ಅಪಾಯವು ಆ ಹಬ್ಬಕ್ಕೂ ತಪ್ಪಿದುದಲ್ಲ. ರಂಗಮಂದಿರದ ಮುಂದಿನ ಆಸನಗಳಿಗೆ ಹಣ ತೆರಬೇಕು, ಹಿಂದಿನವು ಉಚಿತ. 2006ರಲ್ಲಿ ಉಪಾಧ್ಯಾಯರ ಚಳವಳಿಯು ತೀವ್ರವಾಗಿ ಸರ್ಕಾರದ ಉತ್ಸವವು ನಿಂತುಹೋದಾಗ, ಚಳವಳಿಗಾರರು ಹಣವಿಲ್ಲದೆ ಎಲ್ಲರೂ ನೋಡಬಹುದಾದ ಜನತೆಯ ಗೆಲಗೆಟ್ಸಾವನ್ನು ನಡೆಸಿದರು. ಕೊಡುಗೆಯೆಂಬ ಹೆಸರಿನ ಹಬ್ಬವನ್ನು ಮಾರಬಹುದೇ ಎಂಬ ಪ್ರಶ್ನೆಯು ಅವರದು. ದಾನಿಯ ಹೆಸರನ್ನು ಮೊತ್ತದ ಸಹಿತ ಅಮೃತಶಿಲೆಯಲ್ಲಿ ಕೆತ್ತಿಸುವ ಭಕ್ತರೂ, ಕೆತ್ತಿಸಿಕೊಡುವ ಮಠಗಳೂ ಅದನ್ನು ತಮಗೆ ತಾವೇ ಕೇಳಿಕೊಳ್ಳಬೇಕಾಗಿದೆ.

ಆದುದರಿಂದ ಗೃಹಸ್ಥರು ಮುಯ್ಯಿಯ ಪುಸ್ತಕವನ್ನು ಸುಡಬೇಕಾಗಿಲ್ಲ. ಕೊಂಡುದನ್ನು ತಪ್ಪದೆ ಬರೆಯಲಿ, ತಪ್ಪದೆ ತೀರಿಸಲಿ. ಕೊಟ್ಟುದನ್ನು ಮಾತ್ರ ಗುಡ್ಡದ ಮೇಲೆ ಕುಣಿದು ಹಣ್ಣೆಸೆದವರಂತೆ ಎಸೆದುಬಿಡಲಿ. ಮುಂದಿನ ಮದುವೆಯಲ್ಲಿ ಬರಿಗೈಯವನೊಬ್ಬನು ಚಪ್ಪರದ ಹೊರಗೆ ನಿಂತಿದ್ದರೆ ಅವನನ್ನು ಕೈಹಿಡಿದು ಕರೆತಂದು ಮೊದಲ ಪಂಕ್ತಿಯಲ್ಲಿ ಕುಳ್ಳಿರಿಸಲಿ. ಅವನಿಗೆ ಬಡಿಸಿದುದು ಹಳೆಯ ಋಣದ ಒಂದು ಕಂತೆಂದು ತಿಳಿಯಲಿ.