ಬಾಯಿಗೆ ಹೋಗುವ ಪುಟ್ಟ ಕೈ

ಒಂದೂವರೆ ವರ್ಷದ ಮಗು ಬೆರಳು ಚೀಪುತ್ತಾ ಕೂತರೆ ಸಾಕು, ಮನೆಯವರೆಲ್ಲರಿಗೂ ಮಾತು ಬರುತ್ತದೆ. ಅಜ್ಜಿ 'ಛೀ' ಎನ್ನುತ್ತಾರೆ. ಅಪ್ಪ ಕೈ ಹಿಡಿದು ಎಳೆಯುತ್ತಾನೆ. ನೆರೆಮನೆಯವರು ಬೇವಿನೆಣ್ಣೆಯನ್ನೋ ಮೆಣಸಿನ ಪುಡಿಯನ್ನೋ ಹಚ್ಚಿ ನೋಡಿ ಎಂದು ಸಲಹೆ ಕೊಡುತ್ತಾರೆ. ಎಲ್ಲವೂ ಮಗುವಿನ ಒಳಿತಿಗಾಗಿಯೇ. ಆದರೆ ಆ ಒಳಿತಿಗೆ ನಾವು ಹಿಡಿಯುವ ದಾರಿ ಒಳ್ಳೆಯದೇ ಎಂದು ಕೇಳಿಕೊಳ್ಳುವವರು ಕಡಿಮೆ.

ಕೈ ಬಾಯಿಗೆ ಹೋಗುವುದು ಮಗುವಿನ ಹಟದಿಂದಲ್ಲ. ತಾಯಿಯ ಹೊಟ್ಟೆಯಲ್ಲಿರುವಾಗಲೇ ಶಿಶು ಬೆರಳು ಚೀಪುವುದನ್ನು ಸ್ಕ್ಯಾನಿಂಗ್ ಚಿತ್ರಗಳಲ್ಲಿ ಕಾಣಬಹುದು. ಹುಟ್ಟಿದ ಮೇಲೆ ಅದು ಲೋಕವನ್ನು ಅರಿಯುವುದು ಬಾಯಿಯ ಮೂಲಕವೇ. ಸುಮಾರು ಆರು ತಿಂಗಳಿಗೆ ಹಲ್ಲು ಮೂಡತೊಡಗಿದಾಗ ವಸಡು ನವೆಯಾಗುತ್ತದೆ. ನಿದ್ದೆ, ಹಸಿವು, ಬೇಸರ, ಅಪರಿಚಿತರ ಭಯ ಇವೆಲ್ಲವುಗಳಲ್ಲೂ ಬೆರಳು ಅದಕ್ಕೆ ಆಸರೆ. ಅಳದೆ, ಯಾರನ್ನೂ ಕರೆಯದೆ ತನ್ನನ್ನು ತಾನೇ ಸಂತೈಸಿಕೊಳ್ಳಲು ಅದು ಕಂಡುಕೊಂಡ ಉಪಾಯವಿದು. ಹೆಚ್ಚಿನ ಮಕ್ಕಳು ಎರಡರಿಂದ ನಾಲ್ಕು ವರ್ಷದೊಳಗೆ ತಾವಾಗಿಯೇ ಇದನ್ನು ಬಿಡುತ್ತಾರೆ.

ಹಾಗೆಂದು ಕಣ್ಣು ಮುಚ್ಚಿ ಕೂರಬೇಕೆಂದಲ್ಲ. ನೆಲ ಮುಟ್ಟಿದ ಕೈ ಬಾಯಿಗೆ ಹೋದರೆ ಭೇದಿಯೂ ಬರಬಹುದು, ಜಂತುಹುಳವೂ ಆಗಬಹುದು. ಶಾಶ್ವತ ಹಲ್ಲು ಬರುವ ವಯಸ್ಸಿನಲ್ಲೂ ಚೀಪುವುದು ಮುಂದುವರಿದರೆ ಮುಂದಿನ ಹಲ್ಲುಗಳು ಉಬ್ಬಬಹುದು. ತಿದ್ದಬೇಕು ನಿಜ. ಹೇಗೆ ತಿದ್ದಬೇಕು ಎಂಬುದೇ ಪ್ರಶ್ನೆ.

ಜರ್ಮನಿಯ ವೈದ್ಯ ಹೈನ್ರಿಕ್ ಹಾಫ್‌ಮನ್ 1845ರಲ್ಲಿ ಪ್ರಕಟಿಸಿದ ಮಕ್ಕಳ ಪುಸ್ತಕದಲ್ಲಿ ಹೆಬ್ಬೆರಳು ಚೀಪುವ ಹುಡುಗನ ಕಥೆಯೊಂದಿದೆ. ತಾಯಿ ಬೇಡವೆಂದು ಹೇಳಿ ಹೊರಗೆ ಹೋದ ಮೇಲೂ ಅವನು ಚೀಪುತ್ತಾನೆ. ದರ್ಜಿಯೊಬ್ಬ ದೊಡ್ಡ ಕತ್ತರಿ ಹಿಡಿದು ನುಗ್ಗಿ ಅವನ ಎರಡೂ ಹೆಬ್ಬೆರಳು ಕತ್ತರಿಸಿ ಹಾಕುತ್ತಾನೆ. ನಮ್ಮ ಮನೆಗಳಲ್ಲಿ ಅಂಥ ದರ್ಜಿ ಇಲ್ಲದಿದ್ದರೂ ಗುಮ್ಮ ಇದ್ದಾನೆ, ಪೊಲೀಸ್ ಇದ್ದಾನೆ, ಸೂಜಿ ಚುಚ್ಚುವ ಡಾಕ್ಟರ್ ಇದ್ದಾರೆ. ಹೆದರಿಸಿದರೆ ಬೆರಳು ಹೊರಬರಬಹುದು. ಬೆರಳನ್ನು ಬಾಯಿಗೆ ಕಳಿಸಿದ ಕಳವಳ ಮಾತ್ರ ಒಳಗೇ ಉಳಿಯುತ್ತದೆ, ಅದರ ಜೊತೆಗೆ ಹೊಸ ಭಯವೊಂದು ಸೇರುತ್ತದೆ. ಇನ್ನು ಮೆಣಸು ಹಚ್ಚಿದ ಕೈಯಿಂದಲೇ ಮಗು ಕಣ್ಣುಜ್ಜಿಕೊಳ್ಳುತ್ತದೆ ಎಂಬುದನ್ನು ಸಲಹೆ ಕೊಟ್ಟವರು ಯೋಚಿಸಿರುವುದಿಲ್ಲ.

ಕನ್ನಡದಲ್ಲಿ ಶಿಕ್ಷಣ ಮತ್ತು ಶಿಕ್ಷೆ ಒಂದೇ ಮೂಲದ ಪದಗಳು. ಸಂಸ್ಕೃತದಲ್ಲಿ 'ಶಿಕ್ಷಾ' ಎಂದರೆ ಕಲಿಕೆ. ನಮ್ಮಲ್ಲಿಗೆ ಬರುವಾಗ ಅದು ದಂಡನೆಯಾಯಿತು. ಉರ್ದುವಿನಲ್ಲಿ ಮಕ್ಕಳ ಪಾಲನೆಗೆ 'ತರ್ಬಿಯತ್' ಎನ್ನುತ್ತೇವೆ. ಅರಬಿ ಮೂಲದಲ್ಲಿ ಅದಕ್ಕೆ ಬೆಳೆಯುವುದು, ಹೆಚ್ಚುವುದು ಎಂಬ ಅರ್ಥವಿದೆ. ಆದರೆ ಈ ಪದವನ್ನು ದಿನವೂ ಆಡುವ ಮನೆಗಳಲ್ಲೂ ಮಗುವಿನ ಕೈಗೆ ಏಟು ಬೀಳುವುದು ತಪ್ಪಿಲ್ಲ. ಭಾಷೆ ಯಾವುದಾದರೂ, ಬೆಳೆಸಲು ಹೊರಟವರು ದಂಡಿಸುವುದರಲ್ಲಿ ನಿಂತುಬಿಡುತ್ತೇವೆ.

ಬೇರೆ ದಾರಿ ಇದೆ, ಅದಕ್ಕೆ ತಾಳ್ಮೆ ಬೇಕು. ಕೈ ಯಾವ ಹೊತ್ತಿಗೆ ಬಾಯಿಗೆ ಹೋಗುತ್ತದೆ ಎಂದು ಮೊದಲು ಗಮನಿಸಬೇಕು. ಹಲ್ಲು ಮೂಡುತ್ತಿದ್ದರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ನಮ್ಮ ಕಣ್ಣೆದುರೇ ಅಗಿಯಲು ಕೊಡಬಹುದು. ಬೇಸರವಾಗಿದ್ದರೆ ಎರಡು ಕೈಗೂ ಕೆಲಸ ಬೇಕು: ಒಂದು ಸ್ಟೀಲ್ ಬಟ್ಟಲು, ಮರದ ಸೌಟು, ಮಡಚಿಡಲು ಒಂದಿಷ್ಟು ಕರವಸ್ತ್ರಗಳು. ನಿದ್ದೆ ಬಂದಿದ್ದರೆ ಮಡಿಲು ಸಾಕು. ಉಗುರು ಕತ್ತರಿಸಿ, ಕೈ ತೊಳೆಸಿ, ಉಳಿದದ್ದನ್ನು ಕಾಲಕ್ಕೆ ಬಿಡಬಹುದು. ನೆಂಟರ ಮುಂದೆ ನಗೆಪಾಟಲು ಮಾಡುವುದನ್ನಂತೂ ಬಿಡಲೇಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಂ ಶಾಲೆಯಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಇನ್ನೂ ಮಾತು ಬಾರದ ಕೂಸು ಮನೆಯೊಳಗೆ ಯಾರಿಗೆ ದೂರು ಕೊಟ್ಟೀತು? ಅಲ್ಲಿ ನಮ್ಮ ಬಲಕ್ಕೆ ಎದುರಾಡುವವರಿಲ್ಲ. ಎದುರಾಡಲಾರದವರ ಮೇಲೆ ಬಲವನ್ನು ಹೇಗೆ ಬಳಸುತ್ತೇವೆ ಎಂಬುದರಲ್ಲೇ ನಮ್ಮ ನೀತಿ ಗೊತ್ತಾಗುತ್ತದೆ.

ಬೆರಳು ಚೀಪಿದ್ದು ದೊಡ್ಡವನಾದ ಮೇಲೆ ಯಾರಿಗೂ ನೆನಪಿರುವುದಿಲ್ಲ. ದುರ್ಬಲರ ಕೈಯನ್ನು ಹೇಗೆ ಹಿಡಿಯಬೇಕು ಎಂಬುದನ್ನು ಮಾತ್ರ ಮಗು ನಮ್ಮಿಂದ ಆ ವಯಸ್ಸಿನಲ್ಲೇ ಕಲಿಯುತ್ತಿರುತ್ತದೆ.